ಇಲ್ಲದ ಮುಳ್ಳು

ಮಧ್ಯಾಹ್ನದ ಊಟ ಮುಗಿದು ನಾಯಿ ನನ್ನ ಹೊಲಿಗೆ ಮೆಷಿನ್ನಿನ ಅಡಿಗೆ ಬಂದು ಮಲಗಿತೆಂದರೆ ನಮ್ಮ ಮನೆಯಲ್ಲಿ ಒಂದು ನಿಮಿಷ ಯಾರೂ ಬಾಯಿ ಬಿಡುವಂತಿಲ್ಲ. ಎಂಬತ್ಮೂರರ ನನ್ನ ಅತ್ತೆ ಅದರ ಬಳಿ ಕಾಲು ಚಾಚಿ ಕೂತು, ನಿದ್ದೆಯಲ್ಲಿ ಅದರ ಪಕ್ಕೆ ಏರಿ ಇಳಿಯುವುದನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಾರೆ. ಗಡಿಯಾರ ನೋಡಿ "ಹ್ಞಾಂ, ನಿಲ್ಸು" ಅನ್ನುವ ಕೆಲಸ ನನ್ನ ಗಂಡನದ್ದು. ಇಪ್ಪತ್ತೆರಡೋ ಇಪ್ಪತ್ನಾಲ್ಕೋ ಬಂದರೆ ಅತ್ತೆ "ಆತು, ಅಡ್ಡಿಲ್ಲ" ಎಂದು ಎದ್ದು ಎಲೆಯಡಿಕೆ ಹುಡುಕಿಕೊಂಡು ಹೋಗುತ್ತಾರೆ. ಮೂವತ್ತು ದಾಟಿದರೆ ಕುಮಟೆಯ ಡಾಕ್ಟರಮ್ಮನಿಗೆ ಫೋನ್ ಮಾಡಬೇಕು. ಇದುವರೆಗೆ ಎರಡೇ ಸಲ ದಾಟಿದೆ, ಅದರಲ್ಲಿ ಒಂದು ಸಲ ಅತ್ತೆಯ ಲೆಕ್ಕವೇ ತಪ್ಪಿತ್ತು.

ಆ ಒಂದು ನಿಮಿಷ ಸುಮ್ಮನಿರುವುದು ಎಲ್ಲರಿಗಿಂತ ಕಷ್ಟ ನನಗೆ. ನನ್ನ ಮೆಷಿನ್ನಿಗಿಂತ ನನ್ನ ನಾಲಿಗೆ ಜೋರು ಓಡುತ್ತದೆ ಎಂದು ಶಿರಾಲಿಯಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸಿಕೊಂಡವರೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಕಳೆದ ವರ್ಷ ಆ ನಾಲಿಗೆ ಒಬ್ಬ ಮುದುಕಿಯ ಬಾಯಿಂದ ಮೀನು ಕಿತ್ತುಕೊಂಡಿತು. ಅದನ್ನು ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ.

ನಾಯಿ ಎಂದರೆ ದೊಡ್ಡದೇನಲ್ಲ. ಬಿಳಿ ಪಮೇರಿಯನ್, ನಾಲ್ಕು ಸುಲಿಯದ ತೆಂಗಿನಕಾಯಿ ಎತ್ತಿದಷ್ಟು ಭಾರ. ಭಟ್ಕಳದಲ್ಲಿ ಬ್ಯಾಂಕಿನವರೊಬ್ಬರ ಹೆಂಡತಿ ನನ್ನ ಗಿರಾಕಿಯಾಗಿದ್ದರು. ಅವರಿಗೆ ವರ್ಗವಾದಾಗ "ಎರಡು ತಿಂಗಳು ಇಟ್ಕೊಂಡಿರಿ, ಮನೆ ಸಿಕ್ಕಿದ ಕೂಡಲೇ ಬಂದು ಒಯ್ತೇವೆ" ಎಂದು ಮರಿಯನ್ನು ಬಿಟ್ಟುಹೋದರು. ಆ ಎರಡು ತಿಂಗಳಿಗೆ ಈಗ ಹನ್ನೆರಡು ವರ್ಷ. ಅವರು ಇಟ್ಟ ಇಂಗ್ಲಿಷ್ ಹೆಸರು ನಮ್ಮ ಬಾಯಿಗೆ ಹೊರಳಲಿಲ್ಲ. ನಾವು ಇಟ್ಟದ್ದಕ್ಕೆ ಅದು ಓಗೊಡಲಿಲ್ಲ. ನನ್ನ ಗಂಡ "ಬಾ ಮಾರಾಯ" ಎಂದರೆ ಮಾತ್ರ ಬರುತ್ತಿತ್ತು, ಕೊನೆಗೆ ಎಲ್ಲರೂ ಹಾಗೇ ಕರೆದೆವು.

ಮಳೆ ಮುಗಿದು ದೋಣಿಗಳು ನೀರಿಗಿಳಿದ ಮೇಲೆ ಅದಕ್ಕೆ ಕೆಮ್ಮು ಶುರುವಾಯಿತು. ಕುತ್ತಿಗೆ ಮುಂದಕ್ಕೆ ಚಾಚಿ ಖೊಕ್ ಖೊಕ್ ಎನ್ನುವುದು, ಕೊನೆಗೆ ಏನೋ ಉಗುಳುವವರ ಹಾಗೆ ಹ್ಯಾಕ್ ಎನ್ನುವುದು, ಉಗುಳಲು ಏನೂ ಇಲ್ಲದೆ ನಮ್ಮ ಮುಖ ನೋಡುವುದು. ಇಂಥ ಕೆಮ್ಮಿಗೆ ನಮ್ಮ ಕಡೆ ಯಾರೂ ಡಾಕ್ಟರನ್ನು ಕೇಳುವುದಿಲ್ಲ. ಕೇಳುವುದೆಂತ, ಚಿಕ್ಕ ಮಕ್ಕಳಿಗೂ ಗೊತ್ತು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದೆ. ಅದಕ್ಕೆ ಮದ್ದೂ ಗೊತ್ತು. ಕುಚ್ಚಲಕ್ಕಿ ಅನ್ನವನ್ನು ಗಟ್ಟಿಯಾಗಿ ಉಂಡೆ ಕಟ್ಟಿ ಅಗಿಯದೆ ಗುಳುಕ್ಕೆಂದು ನುಂಗಿಸಬೇಕು, ಮುಳ್ಳು ಉಂಡೆಗೆ ಅಂಟಿಕೊಂಡು ಹೊಟ್ಟೆಗೆ ಹೋಗುತ್ತದೆ. ನಾವೆಲ್ಲ ಹಾಗೆ ನುಂಗಿಯೇ ದೊಡ್ಡವರಾದವರು.

ನನ್ನ ಗಂಡ ಉಂಡೆ ಕಟ್ಟಿ ಕೊಟ್ಟರು. ನಾಯಿ ನುಂಗಿತು, ಇನ್ನೊಂದು ಕೇಳಿತು. ಮರುದಿನ ಮತ್ತೆ ಕೆಮ್ಮಿತು, ಮತ್ತೆ ಉಂಡೆ. ಅನ್ನ ಸಾಲದೆಂದು ಬಾಳೆಹಣ್ಣು ತಿನ್ನಿಸಿದೆವು. ಮಾವಳ್ಳಿಯಿಂದ ಸ್ಕೂಟರಿನಲ್ಲಿ ಮೀನು ತರುವ ಹೆಂಗಸು ಬುಟ್ಟಿ ಇಳಿಸಿ, ಅದರ ಬಾಯಿ ಅಗಲಿಸಿ ನೋಡಿ, "ತಾರ್ಲೆ ಮೀನಿನ ಮುಳ್ಳೇ ಇದು. ಕೂದ್ಲಿನ ನಮನಿ ಇರ್ತದೆ, ಕಣ್ಣಿಗೆ ಕಾಣುದಿಲ್ಲ" ಎಂದು ತೀರ್ಪು ಕೊಟ್ಟಳು. ಮೀನು ಮಾರುವವಳೇ ಹೇಳಿದ ಮೇಲೆ ಇನ್ಯಾರನ್ನು ಕೇಳುವುದು!

ಆದರೆ ನನ್ನ ಮನೆಯಲ್ಲಿ ನಾಯಿಗೆ ಮುಳ್ಳಿನ ಮೀನು ಹಾಕುವವರು ಯಾರು? ನಾನು ಹಾಕುವುದಿಲ್ಲ. ಗಂಡ ಬೆಳಗಾದರೆ ಚಿಕ್ಕ ಟೆಂಪೋದಲ್ಲಿ ತೆಂಗಿನಕಾಯಿ ಹೇರಿಕೊಂಡು ಹೊರಟವರು ಊಟಕ್ಕೆ ಮಾತ್ರ ಮನೆ. ಉಳಿದವರು ಅತ್ತೆ.

ಅತ್ತೆಯ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವರ ತವರು ಕುಮಟೆ ಕಡೆಯ ಗಜನಿ ಊರು. ಗಜನಿ ಎಂದರೆ ಉಪ್ಪುನೀರಿನ ಹೊಳೆಗೆ ಕಟ್ಟೆ ಹಾಕಿ ಭತ್ತ ಬೆಳೆಯುವ ತಗ್ಗುಗದ್ದೆ. ಅವರ ಅಪ್ಪ ಆ ಕಟ್ಟೆಯ ಹಲಗೆ ಬಾಗಿಲು ಕಾಯುತ್ತಿದ್ದರು. ಇಳಿತದಲ್ಲಿ ಗದ್ದೆಯ ನೀರು ಹೊರಗೆ ಹೋಗಲು ಹಲಗೆ ತಾನಾಗಿ ತೆರೆಯಬೇಕು, ಭರತದಲ್ಲಿ ಹೊಳೆ ಒಳಗೆ ನುಗ್ಗದ ಹಾಗೆ ತಾನಾಗಿ ಮುಚ್ಚಬೇಕು. ಹಲಗೆ ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಲು ಅಪ್ಪ ಆಗ ಚಿಕ್ಕವರಾಗಿದ್ದ ಇವರನ್ನು ಕಟ್ಟೆಯ ಮೇಲೆ ಬೋರಲು ಮಲಗಿಸಿ ಹಲಗೆಗೆ ಕಿವಿ ಕೊಡಿಸುತ್ತಿದ್ದರಂತೆ. ಈ ಕಥೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ನೂರು ಸಲ ಕೇಳಿದ್ದೇನೆ, ತೊಂಬತ್ತು ಸಲ ಅರ್ಧಕ್ಕೇ ಎದ್ದು ಹೋಗಿದ್ದೇನೆ. ಇನ್ನೊಂದು ಮಾತು ಮೀನಿನದ್ದು. ಸೋಮವಾರ ನಮ್ಮಲ್ಲಿ ಮೀನಿಲ್ಲ. ಆ ದಿನ ಅತ್ತೆ ಸಂಜೆಯಿಂದಲೇ "ನಾಳೆ ಎಂತ ಬತ್ತದೋ" ಎಂದು ಬಾಗಿಲ ಕಡೆ ನೋಡುತ್ತಾ ಕೂರುವವರು. ತಮ್ಮ ತಟ್ಟೆಯ ಮೀನಿನ ತಲೆಯನ್ನು ಸೆರಗಿನಲ್ಲಿ ಮರೆಮಾಡಿ ಒಯ್ದು ಹಿತ್ತಲ ಮೆಟ್ಟಿಲ ಮೇಲೆ ನಾಯಿಗೆ ಹಾಕುವುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ಒಂದು ದಿನ ನಾಯಿ ಕೆಮ್ಮಿ ಕೆಮ್ಮಿ ಹೊಸ್ತಿಲ ಬಳಿ ಕುಸಿದು ಕೂತಿತು. ಮದುವೆ ಮನೆಯ ಆರು ಬ್ಲೌಸು ಬಾಕಿ, ತಲೆ ಬಿಸಿಯಾಗಿತ್ತು. ನಾನು ಕತ್ತರಿ ಕೆಳಗಿಟ್ಟು ಅತ್ತೆಯ ಮುಂದೆ ಹೋಗಿ ನಿಂತೆ.

"ತಾರ್ಲೆ ಹಾಕಿದವರು ನೀವೇ ಅಲ್ದಾ?"

"ಬರೇ ತಲೆ ಹಾಕಿದ್ದು" ಎಂದರು ಅತ್ತೆ.

"ತಲೆಲಿ ಮುಳ್ಳಿಲ್ಲಾ? ನೂರು ಸಲ ಹೇಳಿದೆ, ಹಾಕ್ಬೇಡಿ ಹೇಳಿ. ನೋಡ್ತಾ ಇರಿ, ಈ ಪ್ರಾಣಿ ಸಾಯುದು ನಿಮ್ಮ ಕೈಯಿಂದ್ಲೇ!"

ಅತ್ತೆ ಯಾವತ್ತೂ ಒಂದಕ್ಕೆ ಎರಡು ಕೊಡುವವರು. ಅವತ್ತು ಮಾತ್ರ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡು ಒಳಗೆ ಹೋದರು. ನನಗೆ ಆಗಲೇ ಚುರ್ ಎಂದಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ, ಮೆಷಿನ್ ತುಳಿಯುತ್ತಾ ಕೂತೆ.

ಮರುದಿನ ಒಳ್ಳೆಯ ಬಂಗಡೆ ಸಿಕ್ಕಿತ್ತು. ಹುರಿದು ಬಡಿಸಲು ಹೋದರೆ ಅತ್ತೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು. "ನಂಗೆ ಬೇಡ. ಅದರ ಗಂಟ್ಲದ ಮುಳ್ಳು ಬಿಡುವರೆಗೆ ಮೀನು ಮುಟ್ಟುದಿಲ್ಲ ಹೇಳಿ ದೇವರ ಮುಂದೆ ಹೇಳ್ಕಂಡಿದ್ದೆ." ನನ್ನ ಗಂಡ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ನಮ್ಮಲ್ಲಿ ಹರಕೆ ಎಂದರೆ ಹೀಗೇ, ಯಾವುದು ಜೀವಕ್ಕೆ ಹೆಚ್ಚು ಪ್ರೀತಿಯೋ ಅದನ್ನೇ ಬಿಡುವುದು. ಒಮ್ಮೆ ಹೇಳಿಕೊಂಡ ಮೇಲೆ ಮಗ ಕೈಮುಗಿದರೂ ಆಗದು, ಸೊಸೆ ಕಾಲಿಗೆ ಬಿದ್ದರೂ ಆಗದು. ಕಾಲಿಗೆ ಬೀಳಲು ನಾನೇನೂ ಹೋಗಲಿಲ್ಲ ಎನ್ನುವುದು ಬೇರೆ ಮಾತು.

ಅತ್ತೆ ಮಜ್ಜಿಗೆ, ಉಪ್ಪಿನಕಾಯಿ ಕಲೆಸಿಕೊಂಡು ಉಣ್ಣತೊಡಗಿದರು. ಎರಡು ತುತ್ತಿಗೆ ಕೈ ತೊಳೆಯುವರು. ಮೀನಿನ ಹೆಂಗಸಿನ ಹಾರ್ನ್ ಕೇಳಿದರೆ ಎದ್ದು ಹಿತ್ತಲಿಗೆ ಹೋಗುವರು. ನಾನು ನಾಲ್ಕು ದಿನ ಹಟದಿಂದ ಮೀನು ಮಾಡಿದೆ, ಐದನೆಯ ದಿನ ನನಗೂ ಗಂಟಲಲ್ಲಿ ಇಳಿಯಲಿಲ್ಲ. ಮನೆಯಲ್ಲಿ ಮೀನು ಬೇಯುವುದೇ ನಿಂತಿತು. ಗಂಡ ಪಾಪ, ಯಾರ ಪರವೂ ಮಾತಾಡದೆ ಮೂಲಂಗಿ ಸಾರು ಉಂಡು ಟೆಂಪೋ ಹತ್ತುತ್ತಿದ್ದರು.

ಹದಿನೈದು ದಿನ ಕಳೆದಿರಬೇಕು. ಹಾರ್ನ್ ಕೇಳಿ ನಾಯಿ ಎಂದಿನಂತೆ ಗೇಟಿಗೆ ಓಡಿತು. ಅರ್ಧ ದಾರಿಯಲ್ಲಿ ನಾಲ್ಕೂ ಕಾಲು ಸೋತು ಪಕ್ಕಕ್ಕೆ ಬಿತ್ತು. ನಾಲಿಗೆ ನೀಲಿಯಾಗಿತ್ತು. ಎತ್ತಿಕೊಂಡು ಕೂಗಿದೆ, ಏನು ಕೂಗಿದೆ ಎಂದು ಈಗ ನೆನಪಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನನ್ನ ಗಲ್ಲ ನೆಕ್ಕಿತು. ಅತ್ತೆ ಕಂಬ ಹಿಡಿದು ನಿಂತೇ ಇದ್ದರು, ಹತ್ತಿರ ಬರಲಿಲ್ಲ. "ನಾನು ಮುಟ್ಟುದಿಲ್ಲ" ಎಂದರು. ಅದು ಕೇಳಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಗಂಡ ಕುಮಟೆಗೆ ಕಾಯಿ ಒಯ್ಯುವುದಿತ್ತು. ಅಲ್ಲಿ ಎಕ್ಸ್‌ರೇ ಇರುವ ಪ್ರಾಣಿ ಡಾಕ್ಟರಮ್ಮ ಒಬ್ಬರಿದ್ದಾರೆಂದು ಕೇಳಿದ್ದೆವು. ಟೆಂಪೋದ ಮುಂದಿನ ಸೀಟಿನಲ್ಲಿ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. "ಮುಳ್ಳು ಸಿಕ್ಕಿದೆ, ತೆಗೀಬೇಕು" ಎಂದು ರೋಗವನ್ನು ನಾನೇ ಹೇಳಿಬಿಟ್ಟೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಕ್ಕರು. ಟಾರ್ಚ್ ಹಾಕಿ ಗಂಟಲು ನೋಡಿದರು. ಆಮೇಲೆ ಸ್ಟೆತಾಸ್ಕೋಪ್ ಎದೆಗಿಟ್ಟು ಬಹಳ ಹೊತ್ತು ಕೇಳಿದರು, ನಗು ನಿಂತಿತು. ಎಕ್ಸ್‌ರೇ ತೆಗೆದು ದೀಪಕ್ಕೆ ಹಿಡಿದು ತೋರಿಸಿದರು.

"ಗಂಟಲಲ್ಲಿ ಎಂತದೂ ಇಲ್ಲ. ಇದು ಹೃದಯದ್ದು. ಹೃದಯದೊಳಗೆ ರಕ್ತ ಮುಂದಕ್ಕೆ ಮಾತ್ರ ಹೋಗುವ ಹಾಗೆ ಕವಾಟ ಅಂತ ಇರ್ತದೆ. ಸಣ್ಣ ಜಾತಿಯ ನಾಯಿಗಳಿಗೆ ವಯಸ್ಸಾದರೆ ಅದು ದಪ್ಪವಾಗಿ ಸುರುಟಿಕೊಳ್ತದೆ, ಸರಿ ಮುಚ್ಚುದಿಲ್ಲ. ರಕ್ತ ಹಿಂದಕ್ಕೆ ಸೋರ್ತದೆ. ಹೃದಯ ಊದಿಕೊಂಡು ಉಸಿರಿನ ಕೊಳವೆಯನ್ನು ಒತ್ತುತ್ತದೆ, ಅದಕ್ಕೇ ಕೆಮ್ಮು."

"ಮೀನು ತಿಂದು ಬಂದದ್ದಾ?" ಎಂದು ಕೇಳಿದೆ.

"ಯಾರೂ ಎಂತದೂ ಕೊಟ್ಟು ಬರುವ ಕಾಯಿಲೆ ಅಲ್ಲ ಇದು. ಯಾರ ತಪ್ಪೂ ಅಲ್ಲ. ಇನ್ನು ಮುಂದೆ ಮಾತ್ರ ಉಪ್ಪು ಬೇಡ, ಒಣಮೀನು ಬೇಡ, ಓಡಿಸುದು ಬೇಡ."

ವಾಸಿಯಾಗುತ್ತದೆಯೇ ಎಂದು ಗಂಡ ಕೇಳಿದರು. ಪೂರ್ತಿ ಆಗುವುದಿಲ್ಲ, ಕೆಮ್ಮು ಸ್ವಲ್ಪ ಉಳಿದೇ ಉಳಿಯುತ್ತದೆ, ಆದರೆ ಮಾತ್ರೆ ತಪ್ಪಿಸದಿದ್ದರೆ ಇನ್ನೂ ಒಳ್ಳೆಯ ದಿನಗಳಿವೆ ಎಂದರು. ದಿನಾ ಮಲಗಿದಾಗ ಉಸಿರು ಎಣಿಸಿ, ನಿಮಿಷಕ್ಕೆ ಮೂವತ್ತು ದಾಟಿದರೆ ಫೋನ್ ಮಾಡಿ ಎಂದೂ ಹೇಳಿದರು. ಹೃದಯಕ್ಕೆ ಒಂದು ಮಾತ್ರೆ, ಶ್ವಾಸಕೋಶದ ನೀರು ಇಳಿಯಲು ಒಂದು. ಈ ಎರಡನೆಯದು ಹೊಟ್ಟೆಗೆ ಹೋದರೆ ಅರ್ಧ ಗಂಟೆಗೊಮ್ಮೆ ಹೊರಗೆ ಬಿಡಬೇಕು. ಬರುವಾಗ ಶರಾವತಿ ಸೇತುವೆ ಮುಟ್ಟುವಷ್ಟರಲ್ಲಿ ನಾಲ್ಕು ಸಲ ಟೆಂಪೋ ನಿಲ್ಲಿಸಿದೆವು. ಪ್ರತಿ ಸಲ ಇಳಿದು ನಿಂತಾಗಲೂ ನನ್ನ ತಲೆಯಲ್ಲಿ ಒಂದೇ ಮಾತು, ಯಾರ ತಪ್ಪೂ ಅಲ್ಲ. ಹಾಗಾದರೆ ನಾನು ಆಡಿದ್ದು?

ಮನೆಗೆ ಬಂದು ಅತ್ತೆಗೆ ಹೇಳಿದೆ. ತಪ್ಪಾಯಿತು ಎಂದಲ್ಲ. "ಮುಳ್ಳಲ್ಲಂತೆ, ಹೃದಯದ್ದಂತೆ. ನೀವಿನ್ನು ಮೀನು ತಿನ್ನಿ" ಎಂದೆ, ಅದೂ ಸಿಡುಕುತ್ತಲೇ. ಒಳ್ಳೆಯದನ್ನು ಹೇಳುವಾಗಲೂ ನನ್ನ ದನಿ ಹಾಗೇ.

"ನಂಗೆ ಸಮಾಧಾನ ಮಾಡುಕೆ ಬಂದ್ಯಾ?" ಎಂದರು ಅತ್ತೆ.

ನಂಬಲಿ ಎಂದು ಎಕ್ಸ್‌ರೇ ಫಿಲ್ಮನ್ನೇ ಕಿಟಕಿಯ ಬೆಳಕಿಗೆ ಹಿಡಿದೆ. ಅಯ್ಯೋ ನನ್ನ ಬುದ್ಧಿಯೇ! ಅತ್ತೆ ಕಣ್ಣು ಕಿರಿದು ಮಾಡಿ ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. "ದೇವರೇ, ಒಂದಲ್ಲ ಎರಡಲ್ಲ, ಇಷ್ಟೆಲ್ಲಾ ಮುಳ್ಳು!" ನಾಯಿಯ ಪಕ್ಕೆಲುಬುಗಳು ಸಾಲಾಗಿ ಬೆಳ್ಳಗೆ, ತಿಂದಿಟ್ಟ ಬಂಗಡೆಯ ಹಾಗೇ ಕಾಣುತ್ತಿದ್ದವು. ಅದು ಎಲುಬು ಎಂದು ಮಗ ಎಷ್ಟು ಹೇಳಿದರೂ ಕೇಳಲಿಲ್ಲ.

ಮಾತ್ರೆ ಶುರುವಾದ ವಾರದಲ್ಲೇ ನಾಯಿ ಚುರುಕಾಯಿತು. ಊಟ ಬಿಟ್ಟಿದ್ದ ಪ್ರಾಣಿ ಕೇಳಿ ಕೇಳಿ ತಿನ್ನತೊಡಗಿತು, ಉಸಿರು ಸಾಲದೆ ರಾತ್ರಿ ಎದ್ದು ಕೂರುವುದು ನಿಂತಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಅತ್ತೆಗೂ ಸಂತೋಷವೇ, ಆದರೆ ಅದರ ಹೆಸರು ಬೇರೆ. "ಹರಕೆ ಮುಟ್ಟಿದೆ. ಮುಳ್ಳು ಸಡ್ಲ ಆತು, ಇನ್ನು ಪೂರಾ ಬಿಡ್ಬೇಕು" ಎನ್ನುವರು. ಬೆಳಿಗ್ಗೆ ಎರಡು ಸಲ ಕೆಮ್ಮಿದರೆ ಸಾಕು, ಮತ್ತೆ ಮಜ್ಜಿಗೆ ಅನ್ನ. ಆಗ ನನಗೆ ಹೊಳೆಯಿತು, ಕೆಮ್ಮು ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಇಲ್ಲದ ಮುಳ್ಳು ಬಿಡುವುದು ಯಾವಾಗ? ನಾಯಿ ಬದುಕಿರುವವರೆಗೆ ಈ ಮುದುಕಿ ಮೀನು ಮುಟ್ಟುವುದಿಲ್ಲ. ನಾಯಿ ಹೋದ ಮೇಲಂತೂ, ತನ್ನ ಕೈಯಿಂದಲೇ ಸತ್ತಿತು ಎಂದುಕೊಂಡು, ಮುಟ್ಟುವುದೇ ಇಲ್ಲ. ಎಂಬತ್ತೆರಡು ವರ್ಷ. ಅವರಿಗೆ ಇನ್ನೆಷ್ಟು ಬಂಗಡೆ ಕಾಲ ಉಳಿದಿದೆ ಎಂದು ನೆನೆದು ನಾನು ಒಬ್ಬಳೇ ಕೂತು ಅತ್ತೆ. ನಗಬೇಡಿ, ನಿಜವಾಗಿಯೂ ಅತ್ತೆ.

ತಿಂಗಳು ಕಳೆದು ಮತ್ತೆ ತೋರಿಸಲು ಹೋಗಬೇಕಾಯಿತು. ಈ ಸಲ ಅತ್ತೆಯನ್ನೂ ಹೊರಡಿಸಿದೆ. "ನಿಮ್ಮ ತವರು ದಿಕ್ಕಿಗೇ ಹೋಗುದು, ಬನ್ನಿ" ಎಂದದ್ದಕ್ಕೆ ಒಪ್ಪಿದರು. ಮೂವರೂ ನಾಯಿಯೂ ಒಂದೇ ಸೀಟಿನಲ್ಲಿ ಇಕ್ಕಟ್ಟಾಗಿ ಕೂತೆವು. ಅತ್ತೆ ನಾಯಿಯನ್ನು ತೊಡೆಗೆ ತೆಗೆದುಕೊಳ್ಳಲಿಲ್ಲ, ಅದೇ ಮೆಲ್ಲಗೆ ಹೋಗಿ ಅವರ ಮೇಲೆ ತಲೆಯಿಟ್ಟಿತು.

ಡಾಕ್ಟರಮ್ಮನಿಗೆ ನಾನು ಬಾಗಿಲಲ್ಲೇ ಎಲ್ಲ ಹೇಳಿದೆ, ನಾನು ಆಡಿದ ಮಾತನ್ನೂ ಬಿಡದೆ. ಅವರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಸ್ಟೆತಾಸ್ಕೋಪನ್ನು ಅವರ ಕಿವಿಗೇ ಸಿಕ್ಕಿಸಿದರು. "ಮೊದಲು ಸರಿ ಇರುವುದನ್ನು ಕೇಳಿ ಅಜ್ಜಿ" ಎಂದು ಅದರ ಇನ್ನೊಂದು ತುದಿಯನ್ನು ನನ್ನ ಎದೆಗಿಟ್ಟರು.

ಅತ್ತೆ ಕಣ್ಣು ಮುಚ್ಚಿ ಕೇಳಿದರು. "ಬಾಗ್ಲು ಬಡಿದಾಂಗೆ ಕೇಳ್ತದೆ. ಧಡ್, ಧಡ್."

"ಹೌದು. ಇವರ ಕವಾಟ ಸರಿಯಾಗಿ ಮುಚ್ಚುತ್ತದೆ."

"ಅದು ಮುಚ್ಚುತ್ತದೆ" ಎಂದರು ಅತ್ತೆ, ಕಣ್ಣು ತೆರೆಯದೆ. "ಬಾಯೊಂದು ಮುಚ್ಚುದಿಲ್ಲ."

ಡಾಕ್ಟರಮ್ಮ ನಕ್ಕರು, ನನ್ನ ಗಂಡ ಗೋಡೆ ಕಡೆ ತಿರುಗಿ ನಕ್ಕರು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಆಮೇಲೆ ತುದಿ ನಾಯಿಯ ಎದೆಗೆ ಹೋಯಿತು. ಅತ್ತೆಯ ಹುಬ್ಬು ಗಂಟಾಯಿತು. ಇನ್ನೊಂದು ಕೈಯಿಂದ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದರು. ಬಹಳ ಹೊತ್ತು ಕೇಳಿದರು. ಮತ್ತೆ ಮಾತಾಡಿದ್ದು ನಮ್ಮ ಹತ್ತಿರವೋ, ಯಾವಾಗಲೋ ತೀರಿಹೋದ ಅವರ ಅಪ್ಪನ ಹತ್ತಿರವೋ ತಿಳಿಯದು.

"ಬಡಿಯುದಿಲ್ಲ ಇದು. ಶ್ಶ್ ಹೇಳಿ ಸೋರ್ತದೆ. ಹಲಗೆ ಸರಿ ಕೂತಿಲ್ಲ, ಒಂದು ಬದಿಗೆ ಬಾಗಿ ಹೋಗಿದೆ. ಭರ್ತದ ನೀರು ವಾಪಸ್ ಒಳಗೆ ಬತ್ತಾ ಇದೆ."

"ಅದೇ ಅಜ್ಜಿ, ಅಷ್ಟೇ" ಎಂದರು ಡಾಕ್ಟರಮ್ಮ.

"ಹಲಗೆ ಹಳತಾದ್ರೆ ಬಾಗುದೇ. ಅದಕ್ಕೆ ಯಾರೂ ಎಂತ ಮಾಡುಕಾಗುದಿಲ್ಲ." ಅತ್ತೆ ಕಿವಿಯಿಂದ ಅದನ್ನು ತೆಗೆದು, ನಾಯಿಯ ಎದೆಯ ಮೇಲೆ ತಮ್ಮ ಬಲಗೈ ಇಟ್ಟರು. ಒಂದೂವರೆ ತಿಂಗಳ ಮೇಲೆ ಮುಟ್ಟಿದ್ದು. ನಾಯಿ ಆ ಕೈ ನೆಕ್ಕಿತು. ಡಾಕ್ಟರಮ್ಮ ಮತ್ತೆ ಉಪ್ಪಿನ ಮಾತು ತೆಗೆದಾಗ ಅತ್ತೆ ಅರ್ಧದಲ್ಲೇ ತಡೆದರು. "ಉಪ್ಪುನೀರು ಒಳಗೆ ಬಂದ್ರೆ ಗದ್ದೆ ಎಂತ ಆಗ್ತದೆ ಹೇಳಿ ನಂಗೆ ಗೊತ್ತುಂಟು. ಒಂದು ಹರಳು ಹಾಕುದಿಲ್ಲ ಇನ್ನು." ಎಂಬತ್ತೆರಡು ವರ್ಷದ ಕಿವಿ ಒಂದು ನಿಮಿಷದಲ್ಲಿ ನಂಬಿದ್ದನ್ನು ನಮ್ಮ ಬಾಯಿ ಒಂದು ತಿಂಗಳಲ್ಲಿ ನಂಬಿಸಲು ಆಗಿರಲಿಲ್ಲ. ಅವರ ಗಜನಿಯ ಕಥೆಯಿಂದ ಎದ್ದು ಹೋದ ಆ ತೊಂಬತ್ತು ಸಲ ನನಗೆ ನೆನಪಾಯಿತು.

ವಾಪಸು ಬರುವಾಗ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಮಾತ್ರ ಹೆದ್ದಾರಿ ಕೆಲಸ ಯಾವಾಗ ಮುಗಿಯುವುದೋ ಎನ್ನುವ ಮಾತು. ಅತ್ತೆ ಹೊನ್ನಾವರ ಬಂದಾಗ ಮಗನ ಭುಜ ತಟ್ಟಿದರು.

"ನಿಲ್ಸು. ಮುಳ್ಳೇ ಇಲ್ಲ ಅಂದ್ಮೇಲೆ ಬಿಡುದೆಂತರ? ಪೇಟೇಲಿ ಬಂಗಡೆ ಬಂದಿರ್ತದೆ, ಹೋಗು."

ನನ್ನ ಗಂಡ ಟೆಂಪೋ ಅಡ್ಡ ನಿಲ್ಲಿಸಿ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದರು.

ಮನೆ ಮುಟ್ಟಿದಾಗ ಊಟದ ಹೊತ್ತು ಯಾವಾಗಲೋ ದಾಟಿತ್ತು. ನಾನು ಸೀರೆ ಕೂಡ ಬದಲಿಸದೆ ಮಸಾಲೆ ಅರೆದೆ. ನಾಯಿಗೆಂದು ಒಂದು ತುಂಡು ಉಪ್ಪಿಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ, ಒಳಗೆ ಮಾತ್ರೆ ಅಡಗಿಸಿ ಕೊಟ್ಟೆ. ಅದು ಮಾತ್ರೆ ಉಗುಳಿ ಮೀನು ತಿಂದಿತು, ಎರಡನೆಯ ಸಲ ಮಾತ್ರೆಯನ್ನೂ ತಿಂದಿತು. ಅತ್ತೆ ತಟ್ಟೆಯ ಮುಂದೆ ಕೂತು ಬಂಗಡೆಯನ್ನು ಮೊದಲು ಕಣ್ಣಿನಲ್ಲೇ ತಿಂದರು. ಆಮೇಲೆ ತುತ್ತಿನ ಮೇಲೆ ತುತ್ತು, ಉಸಿರು ಬಿಡದೆ. "ನಿಧಾನ" ಎಂದೆ. ಯಾರು ಕೇಳುತ್ತಾರೆ!

ನಾಲ್ಕನೆಯ ತುತ್ತಿಗೆ ಅತ್ತೆ ನಿಂತರು. ಕಣ್ಣು ಅಗಲವಾಯಿತು. ಕೈ ಗಂಟಲಿಗೆ ಹೋಯಿತು. ಒಂದೇ ಸಮನೆ ಕೆಮ್ಮತೊಡಗಿದರು, ಕಣ್ಣಲ್ಲಿ ನೀರು. ನನ್ನ ಕೈಗೆ ತನ್ನಷ್ಟಕ್ಕೇ ಗೊತ್ತಿತ್ತು. ಅನ್ನ ಹಿಸುಕಿ ಉಂಡೆ ಕಟ್ಟಿ ಅವರ ಬಾಯಿಗೇ ಇಟ್ಟೆ. "ಅಗೀಬೇಡಿ, ನುಂಗಿ!" ಒಂದು ಉಂಡೆ, ಎರಡು ಉಂಡೆ. ಮೂರನೆಯದಕ್ಕೆ ಮುಳ್ಳು ಇಳಿಯಿತು. ಅವರ ಬೆನ್ನು ನೀವುತ್ತಾ ನಿಂತವಳಿಗೆ ಅಷ್ಟು ದಿನ ತಡೆದದ್ದೆಲ್ಲ ಒಮ್ಮೆಲೇ ಬಂತು.

"ತಪ್ಪಾಯ್ತು ಅತ್ತೆ. ನಿಮ್ಮ ಕೈಗೆ ನಾನು ಆ ಮಾತು ಹೇಳ್ಬಾರದಿತ್ತು."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ನೀರು ಕುಡಿದು, ನಾಯಿಯನ್ನೂ ನನ್ನನ್ನೂ ನೋಡಿದರು.

"ಕೇಳ್ದ್ಯಾ? ಮುಳ್ಳಿನ ಕೆಮ್ಮು ಅಂದ್ರೆ ಇದು. ಇನ್ನಾದ್ರೂ ಗುರ್ತ ಇಟ್ಕಾ" ಎಂದು ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಅಳುದು ಆಮೇಲೆ ಮಾಡು ಮಾರಾಯ್ತಿ, ಬಂಗಡೆ ಆರಿ ಹೋತು."

ನಾನು ಅವರ ಪಕ್ಕದಲ್ಲೇ ನೆಲಕ್ಕೆ ಕೂತು, ಎರಡನೆಯ ಬಂಗಡೆಯ ಮುಳ್ಳು ಒಂದೊಂದಾಗಿ ಬಿಡಿಸಿ ಅವರ ತಟ್ಟೆಗೆ ಹಾಕಿದೆ.